ಭಾನುವಾರ ಎತ್ತಿದ ಕಸ ಗುರುವಾರಕ್ಕೆ ಯಾಕೆ ವಾಪಸ್ ಬರುತ್ತದೆ?

ಪ್ರಶ್ನೆ: ನಮ್ಮದು ಮೈಸೂರಿನ ರಿಂಗ್ ರೋಡ್ ಆಚೆಗಿನ ಒಂದು ಖಾಸಗಿ ಬಡಾವಣೆ. ಒಳಗೆ ತಿರುಗುವ ಮೂಲೆಯಲ್ಲಿ ಒಂದು ಖಾಲಿ ಸೈಟು. ಅದರ ತುಂಬ ಕಸ. ರಾತ್ರಿ ಹೊತ್ತು ಯಾರೋ ಟ್ರ್ಯಾಕ್ಟರಿನಲ್ಲಿ ಕಟ್ಟಡದ ಡೆಬ್ರಿಸ್ ತಂದು ಸುರಿಯುತ್ತಾರೆ. ನಾವು ಇಪ್ಪತ್ತು ಜನ ಸೇರಿ ಮೂರು ಭಾನುವಾರ ಸ್ವಚ್ಛ ಮಾಡಿದೆವು. ಗುರುವಾರದ ಹೊತ್ತಿಗೆ ಮತ್ತೆ ಅದೇ ರಾಶಿ. ನಾವು ತುಂಬಿಟ್ಟ ಚೀಲಗಳನ್ನೂ ಯಾರೂ ಒಯ್ಯಲಿಲ್ಲ, ನಾಯಿಗಳು ಎಳೆದಾಡಿದವು. ಇದನ್ನು ಮುಂದುವರಿಸಬೇಕಾ? ಮಕ್ಕಳನ್ನು ಸೇರಿಸಿಕೊಳ್ಳಬಹುದಾ? ಕಸ ಎಸೆಯುವವರಿಗೆ ನಾವೇ ದಂಡ ಹಾಕಬಹುದಾ?

ಉತ್ತರ: ಮುಂದುವರಿಸಿ. ಆದರೆ ಬರುವ ಭಾನುವಾರ ಪೊರಕೆ, ಸಲಿಕೆ ಮನೆಯಲ್ಲೇ ಇರಲಿ. ಮೂರು ಸಲವೂ ನೀವು ಕಸ ಎತ್ತಿದಿರಿ, ಅದು ಬರುವ ದಾರಿ ಹಾಗೇ ಇತ್ತು. ಅದು ಯಾರ ಕಸ, ಯಾವ ಹೊತ್ತಿಗೆ ಬರುತ್ತದೆ, ಯಾಕೆ ಆ ಮೂಲೆಗೇ ಬರುತ್ತದೆ ಎಂದು ಮೊದಲು ತಿಳಿಯಬೇಕು. ಒಂದು ವಾರ ಸುಮ್ನೆ ನೋಡಿ.

ದೂರದಿಂದ ನೋಡಿದರೆ ರಾಶಿ ಎಲ್ಲ ಒಂದೇ ಥರ ಕಾಣುತ್ತದೆ. ಕೋಲು ಹಿಡಿದು ಕೆದಕಿ ನೋಡಿ, ಬೇರೆ ಬೇರೆ ಜನ ಸಿಗುತ್ತಾರೆ. ಗಂಟು ಕಟ್ಟಿದ ಕ್ಯಾರಿ ಬ್ಯಾಗಿನಲ್ಲಿ ಅನ್ನ, ತರಕಾರಿ ಸಿಪ್ಪೆ, ಹಾಲಿನ ಕವರ್, ಡಯಾಪರ್ ಎಲ್ಲ ಒಟ್ಟಿಗೆ ಇದ್ದರೆ ಅದು ಮನೆ ಕಸ. ಇದು ಬರುವುದು ಹೆಚ್ಚಾಗಿ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಹೊತ್ತಿಗೆ. ಸ್ಕೂಟರಿನಲ್ಲಿ ಕಾಲ ಹತ್ತಿರ ಕವರ್ ಇಟ್ಟುಕೊಂಡು ಬರುತ್ತಾರೆ, ಮೂಲೆಯಲ್ಲಿ ವೇಗ ಕಮ್ಮಿ ಮಾಡುತ್ತಾರೆ, ಎಸೆದು ಹೋಗುತ್ತಾರೆ. ಕೋಳಿ ಪುಕ್ಕ, ಕರುಳು, ಸಲೂನಿನ ಕೂದಲು, ಎಳನೀರಿನ ಬುರುಡೆ ಇದ್ದರೆ ಅಂಗಡಿಯವರದು. ಇವು ಬರುವುದು ಷಟರ್ ಎಳೆದ ಮೇಲೆ, ರಾತ್ರಿ. ಬಾಳೆ ಎಲೆ, ಪೇಪರ್ ಲೋಟ, ನೀರಿನ ಸಣ್ಣ ಬಾಟಲಿ ಮೂಟೆಗಟ್ಟಲೆ ಬಿದ್ದಿದ್ದರೆ ಹತ್ತಿರದಲ್ಲಿ ಒಂದು ಛತ್ರ ಇದೆ ಅಂತ ಅರ್ಥ. ಮುಹೂರ್ತದ ಮಾರನೆ ದಿನ ನೋಡಿ. ಮದ್ಯದ ಟೆಟ್ರಾ ಪ್ಯಾಕು, ಚಿಪ್ಸ್ ಕವರ್ ಇದ್ದರೆ ಅಲ್ಲಿ ಬೀದಿ ದೀಪ ಉರಿಯುತ್ತಿಲ್ಲ ಎಂದೇ ಲೆಕ್ಕ.

ಇವರಲ್ಲಿ ಒಬ್ಬೊಬ್ಬರಿಗೂ ಬೇರೆ ಮದ್ದು ಬೇಕು. 'ಜನರಿಗೆ ಬುದ್ಧಿ ಇಲ್ಲ' ಎಂದು ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಕೆಲಸ ಮುಂದೆ ಹೋಗುವುದಿಲ್ಲ.

ಮನೆ ಕಸ ಎಸೆಯುವವರನ್ನು ಮಾತಾಡಿಸಿ ನೋಡಿ. ಬಹಳ ಸಲ ಸಿಗುವ ಉತ್ತರ ಒಂದೇ: ಕಸದ ಆಟೋ ಬರುವ ಹೊತ್ತಿಗೆ ನಾವು ಮನೆಯಲ್ಲಿ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ, ಬಾಡಿಗೆ ರೂಮಿನ ಹುಡುಗರು, ಪಿಜಿಗಳು. ಆಟೋ ಹತ್ತಕ್ಕೆ ಬಂದರೆ ಇವರು ಎಂಟಕ್ಕೇ ಹೊರಟಿರುತ್ತಾರೆ. ಕೆಲವು ಕಡೆ ಹಸಿ ಕಸ, ಒಣ ಕಸ ಬೇರೆ ಮಾಡಿಲ್ಲ ಎಂದು ಆಟೋದವರು ವಾಪಸ್ ಕೊಟ್ಟಿರುತ್ತಾರೆ. ವಾಪಸ್ ಕೊಟ್ಟಿದ್ದು ಸರಿ, ಆದರೆ ಆ ಕವರ್ ಮಾರನೆ ದಿನ ನಿಮ್ಮ ಮೂಲೆಗೆ ಬರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಕೆಲಸದವರ ಕೈಗೆ ಕವರ್ ಕೊಟ್ಟು 'ಹೋಗ್ತಾ ಎಲ್ಲಾದ್ರೂ ಹಾಕಿಬಿಡು' ಎನ್ನುತ್ತಾರೆ. ಸಿಕ್ಕಿಬಿದ್ದಾಗ ಬೈಗುಳ ತಿನ್ನುವವರು ಆ ಹೆಣ್ಣುಮಗಳು. ಕಸ ಮಾಡಿದವರು ಮನೆಯೊಳಗೆ ಕಾಫಿ ಕುಡಿಯುತ್ತಿರುತ್ತಾರೆ.

ನಿಮ್ಮಂಥ ಬಡಾವಣೆಗಳಿಗೆ ಇನ್ನೊಂದು ತೊಡಕು ಇದೆ. ಖಾಸಗಿ ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡುವವರೆಗೆ ಅಲ್ಲಿಗೆ ಕಸದ ಗಾಡಿ ಸರಿಯಾಗಿ ಬರುವುದಿಲ್ಲ. ಮೈಸೂರಿನ ಸುತ್ತಮುತ್ತ ಗಡಿಗಳೂ ಗೋಜಲು. 2020ರಲ್ಲಿ ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು. ಎಲ್ಲವನ್ನೂ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತೂ ನಡೆದಿದೆ. ಹೀಗಿರುವಾಗ ರಸ್ತೆ ಒಬ್ಬರದು, ಪಕ್ಕದ ಸೈಟು ಇನ್ನೊಬ್ಬರದು ಆಗುವುದು ಸಹಜ. 'ಅದು ನಮ್ಮ ಲಿಮಿಟ್ಸ್ ಅಲ್ಲ' ಎಂಬ ಮಾತು ನಿಮಗೆ ಈಗಾಗಲೇ ಬಾಯಿಪಾಠ ಆಗಿರಬೇಕು, ಅಲ್ವಾ? ಅದಕ್ಕೆ ಮೊದಲು ಆ ಸೈಟಿನ ಖಾತೆ ಎಲ್ಲಿದೆ, ಕಂದಾಯ ಯಾರಿಗೆ ಕಟ್ಟುತ್ತಾರೆ ಎಂದು ಪತ್ತೆ ಮಾಡಿ. ಆ ರಸೀದಿಯ ನಕಲು ಕೈಯಲ್ಲಿ ಇದ್ದರೆ ಅಧಿಕಾರಿಗಳ ಹತ್ತಿರ ಮಾತು ಅರ್ಧ ಮುಗಿದ ಹಾಗೆ.

ವಾರ ಪೂರ್ತಿ ನೋಡುವ ಕೆಲಸಕ್ಕೆ ಇಪ್ಪತ್ತು ಜನ ಬೇಡ. ಬೆಳಿಗ್ಗೆ ಆರರಿಂದ ಒಂಬತ್ತು ಇಬ್ಬರು, ರಾತ್ರಿ ಒಂಬತ್ತರಿಂದ ಹನ್ನೊಂದು ಇಬ್ಬರು ಸಾಕು. ವಾಕಿಂಗ್ ಹೋಗುವವರಿಗೆ ಒಪ್ಪಿಸಿ. ಒಂದು ನೋಟ್‌ಬುಕ್ ಇಟ್ಟು ಹೊತ್ತು, ಕಸದ ಬಗೆ, ಬಂದ ದಿಕ್ಕು ಬರೆದುಕೊಳ್ಳಿ. ಯಾರ ಜೊತೆಗೂ ಜಗಳ ಬೇಡ. ಮುಖದ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ. ರಾಶಿಯಲ್ಲಿ ಕೊರಿಯರ್ ಕವರ್ ಸಿಕ್ಕಿ ಅದರ ಮೇಲೆ ವಿಳಾಸ ಇದ್ದರೆ ಅದನ್ನು ಆರೋಗ್ಯ ನಿರೀಕ್ಷಕರ ಕೈಗೆ ಕೊಡಿ. ನೀವೇ ಊರಿಗೆಲ್ಲ ತೋರಿಸಿದರೆ ಒಬ್ಬ ಶತ್ರು ಹುಟ್ಟುತ್ತಾನೆ, ಕಸ ನಿಲ್ಲುವುದಿಲ್ಲ.

ಮೊದಲು ಹುಡುಕಿ ಆಮೇಲೆ ಎತ್ತುವುದು ದೊಡ್ಡ ಮಟ್ಟದಲ್ಲೂ ಕೆಲಸ ಮಾಡಿದೆ. ಯುರೋಪಿನ ಎಸ್ಟೋನಿಯಾ 13 ಲಕ್ಷ ಜನರ ಪುಟ್ಟ ದೇಶ. ಕಾಡು, ರಸ್ತೆ ಬದಿ ಎಲ್ಲ ಕಡೆ ಕದ್ದು ಸುರಿದ ಕಸ. 2008ರ ಮೇ 3ರಂದು ಅಲ್ಲಿ ಸುಮಾರು 50,000 ಜನ ಒಂದೇ ದಿನ ಬೀದಿಗಿಳಿದು ಸುಮಾರು 10,000 ಟನ್ ಕಸ ಎತ್ತಿದರು. ಎಲ್ಲರೂ ಹೇಳುವುದು ಆ ಒಂದು ದಿನದ ಕಥೆ. ಅದಕ್ಕೂ ಮುಂಚೆ ಸ್ವಯಂಸೇವಕರು ತಿಂಗಳುಗಟ್ಟಲೆ ತಿರುಗಿ, ಹತ್ತು ಸಾವಿರಕ್ಕೂ ಹೆಚ್ಚು ರಾಶಿಗಳನ್ನು ನಕ್ಷೆಯಲ್ಲಿ ಗುರುತಿಸಿದ್ದರು. ಯಾವ ಗುಂಪು ಎಲ್ಲಿಗೆ, ಯಾವ ಲಾರಿ ಯಾವ ರಾಶಿಗೆ ಎಂಬುದು ಮುಂಚೆಯೇ ಗೊತ್ತಿತ್ತು. ಇವತ್ತು ನಾವು ನೋಡುವ ವಿಶ್ವ ಸ್ವಚ್ಛತಾ ದಿನ ಶುರುವಾಗಿದ್ದು ಅಲ್ಲಿಂದ.

ನಿಮ್ಮ ಚೀಲಗಳನ್ನು ಯಾರೂ ಒಯ್ಯಲಿಲ್ಲ ಅಂದಿರಿ. ನಾನು ನೋಡಿದ ಸ್ವಚ್ಛತಾ ಕಾರ್ಯಕ್ರಮಗಳಲ್ಲಿ ಜಾಸ್ತಿ ಎಡವುವುದು ಇಲ್ಲೇ. ಗಾಡಿ ಗೊತ್ತುಮಾಡದೆ ದಿನ ಗೊತ್ತುಮಾಡಬೇಡಿ. ಹತ್ತು ದಿನ ಮುಂಚೆ ಮುಖ್ಯಾಧಿಕಾರಿಗೋ ಪೌರಾಯುಕ್ತರಿಗೋ, ಪಂಚಾಯಿತಿ ಆದರೆ ಪಿಡಿಓಗೋ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅರ್ಜಿಯಲ್ಲಿ 'ಸಹಕಾರ ನೀಡಿ' ಎಂದು ಬರೆದರೆ ಯಾರೂ ಏನೂ ಮಾಡುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಒಂದು ಟಿಪ್ಪರ್, ಡೆಬ್ರಿಸ್ ಇದ್ದರೆ ಅರ್ಧ ದಿನಕ್ಕೆ ಜೆಸಿಬಿ, ಎತ್ತಿದ ಕಸ ಹೋಗುವ ಜಾಗದ ಹೆಸರು, ಆ ದಿನ ಬರುವ ಸಿಬ್ಬಂದಿಯ ಫೋನ್ ನಂಬರ್ ಎಂದು ಬಿಡಿಬಿಡಿಯಾಗಿ ಕೇಳಿ. ಒಂದು ಗುಟ್ಟು ಹೇಳುತ್ತೇನೆ. ಸೆಪ್ಟೆಂಬರ್ 20ರ ವಿಶ್ವ ಸ್ವಚ್ಛತಾ ದಿನದಿಂದ ಅಕ್ಟೋಬರ್ 2ರ ಗಾಂಧಿ ಜಯಂತಿವರೆಗೆ ಇಲಾಖೆಗಳಿಗೂ ಸ್ವಚ್ಛತಾ ಕಾರ್ಯಕ್ರಮ ಮಾಡಿ ವರದಿ ಕಳಿಸುವ ಒತ್ತಡ ಇರುತ್ತದೆ. ಆಗ ಕೇಳಿದರೆ ಗಾಡಿ ಬೇಗ ಸಿಗುತ್ತದೆ. ಫೋಟೋ ಅವರು ತೆಗೆಸಿಕೊಳ್ಳಲಿ, ಜೆಸಿಬಿ ನಿಮಗೆ ಇರಲಿ. ತಿಂಗಳು ನಿಮ್ಮ ಆಯ್ಕೆಯಾದರೆ ಏಪ್ರಿಲ್, ಮೇ ಒಳ್ಳೆಯದು. ಕಸ ಒಣಗಿ ಹಗುರ ಇರುತ್ತದೆ, ಮುಂಗಾರಿಗೆ ಮೊದಲು ಚರಂಡಿಯೂ ಬಿಡುವಾಗುತ್ತದೆ.

ಎತ್ತಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಬರೀ ಕುತೂಹಲಕ್ಕಲ್ಲ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಯಿತು. ಆ ಊರಿನವರು ಲಾರಿ ತಡೆದು ಬೀದಿಗೆ ಬಂದ ಮೇಲೆ, 2014ರಲ್ಲಿ ಅದು ನಿಂತಿತು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ ಮಂದಾರ ಎಂಬ ಊರಿನ ಅಡಿಕೆ ತೋಟ, ಮನೆಗಳ ಮೇಲೆ ಹರಿಯಿತು. ನಿಮ್ಮ ಮೈಸೂರಿನಲ್ಲೇ ವಿದ್ಯಾರಣ್ಯಪುರಂನಲ್ಲಿ ಊರ ಕಸ ಸುರಿದ ಸೂಯೆಜ್ ಫಾರಂ ಅಕ್ಕಪಕ್ಕದವರು ಎಷ್ಟು ವರ್ಷದಿಂದ ಆ ನಾತ ಕುಡಿಯುತ್ತಿದ್ದಾರೆ ಕೇಳಿ ನೋಡಿ. ಕಲಸಿದ ಕಸವನ್ನು ಹಾಗೇ ಚೀಲಕ್ಕೆ ತುಂಬಿ ಕಳಿಸಿದರೆ ನಿಮ್ಮ ಮೂಲೆ ಸ್ವಚ್ಛ, ಇನ್ನೊಬ್ಬರ ಬಾಗಿಲು ಗಲೀಜು.

ಹಾಗಾಗಿ ಅಲ್ಲೇ ಬೇರೆ ಮಾಡಿ. ಜಾಸ್ತಿ ನಾಜೂಕು ಬೇಡ. ಮಾರಾಟ ಆಗುವ ಬಾಟಲಿ, ಗಾಜು, ಕಬ್ಬಿಣ, ರಟ್ಟು ಒಂದು ಕಡೆ. ಕವರ್, ಚಿಪ್ಸ್ ಪ್ಯಾಕೆಟ್, ಚಪ್ಪಲಿ, ಬಟ್ಟೆಯಂಥ ಒಣ ಕಸ ಒಂದು ಕಡೆ. ಮಣ್ಣು, ಇಟ್ಟಿಗೆ ಒಂದು ಕಡೆ. ಕೊಳೆತು ಕಲಸಿಹೋದದ್ದು, ಡಯಾಪರ್, ಪ್ಯಾಡ್ ಉಳಿದ ಚೀಲಕ್ಕೆ. ಆ ರಾಶಿಯಿಂದ ದಿನವೂ ಬಾಟಲಿ ಆಯ್ದುಕೊಂಡು ಬದುಕುವವರು ಯಾರಾದರೂ ಇದ್ದೇ ಇರುತ್ತಾರೆ. ಅವರಿಗೆ ಮುಂಚೆಯೇ ತಿಳಿಸಿ, ಮಾರಾಟದ ಮಾಲು ಅವರಿಗೇ ಬಿಟ್ಟುಕೊಡಿ. ರಾಶಿಯ ಬಗ್ಗೆ ನಿಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೆ. ಬೆಂಗಳೂರಿನಲ್ಲಿ ಹಸಿರು ದಳ ಸಂಸ್ಥೆಯ ಓಡಾಟದಿಂದ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಅವರಲ್ಲಿ ಹಲವರು ಇವತ್ತು ಒಣ ಕಸ ಕೇಂದ್ರಗಳನ್ನೇ ನಡೆಸುತ್ತಿದ್ದಾರೆ.

ಪೌರಕಾರ್ಮಿಕರ ವಿಷಯ. ನೀವು ಎಂಟು ಗಂಟೆಗೆ ಬಂದು ಹತ್ತಕ್ಕೆ ಹೋಗುತ್ತೀರಿ. ಬಿಟ್ಟುಹೋದ ಚೀಲ ಹೊರುವುದು ಅವರು. ಭಾನುವಾರದ ನಿಮ್ಮ ಉತ್ಸಾಹ ಸೋಮವಾರದ ಅವರ ಹೆಚ್ಚುವರಿ ಕೆಲಸ ಆಗಬಾರದು. ಫೋಟೋಕ್ಕೆ ಹಿಂದೆ ನಿಲ್ಲಿಸಿಕೊಳ್ಳುವ ಬದಲು ಮುಂಚಿನ ದಿನ ಒಂದು ಟೀ ಕುಡಿಸಿ, ಗಾಡಿ ಹೊತ್ತು ಯಾಕೆ ತಪ್ಪುತ್ತದೆ ಎಂದು ಕೇಳಿ. ಆಟೋ ಕೆಟ್ಟಿದೆ, ಒಂದೇ ಗಾಡಿಗೆ ಎರಡು ರೂಟ್ ಕೊಟ್ಟಿದ್ದಾರೆ, ಇಂಥ ವಿಷಯ ಕಚೇರಿಯಲ್ಲಿ ಯಾರೂ ಹೇಳುವುದಿಲ್ಲ.

ಮಕ್ಕಳು ಬರಲಿ, ಆದರೆ ರಾಶಿಗೆ ಕೈ ಹಾಕುವುದು ಬೇಡ. ರಾಶಿಯಲ್ಲಿ ಒಡೆದ ಟ್ಯೂಬ್‌ಲೈಟ್, ಬ್ಲೇಡು, ಸೂಜಿ ಇರುತ್ತವೆ. ಹಳೆಯ ಇಟ್ಟಿಗೆ, ಟೈಲ್ಸ್ ಕೆಳಗೆ ಹಾವು, ಚೇಳು ಇರುತ್ತವೆ. ದೊಡ್ಡವರಿಗೂ ಬೂಟು, ದಪ್ಪ ರಬ್ಬರ್ ಗ್ಲೌಸು ಇರಲೇಬೇಕು. ಮೆಡಿಕಲ್ ಶಾಪಿನ ತೆಳು ಗ್ಲೌಸು ಎರಡೇ ನಿಮಿಷಕ್ಕೆ ಹರಿಯುತ್ತದೆ. ಮೊದಲು ಹಾರೆಯಿಂದಲೋ ಕುಂಟೆಯಿಂದಲೋ ಎಳೆದು ಹರಡಿ, ಆಮೇಲೆ ಎತ್ತಿ. ಟೆಟನಸ್ ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷ ಆಯಿತು ಎಂದು ಎಲ್ಲರೂ ಒಮ್ಮೆ ನೆನಪು ಮಾಡಿಕೊಳ್ಳಿ. ಸಿರಿಂಜು, ರಕ್ತದ ಬ್ಯಾಂಡೇಜು ರಾಶಿಯಾಗಿ ಸಿಕ್ಕರೆ ಅದು ಯಾವುದೋ ಕ್ಲಿನಿಕ್ಕಿನದು. ಮುಟ್ಟಬೇಡಿ, ಫೋಟೋ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ. ಮುಚ್ಚಿದ ಚರಂಡಿಗೆ, ಮ್ಯಾನ್‌ಹೋಲಿಗೆ ಯಾರೂ ಇಳಿಯಬಾರದು, ಇಳಿಸಬಾರದು. ಮಕ್ಕಳಿಗೆ ಗೋಡೆಗೆ ಬಣ್ಣ ಹಚ್ಚುವುದು, ಚೀಲ ಎಣಿಸುವುದು, ಮನೆಮನೆಗೆ ಆಟೋ ಬರುವ ಹೊತ್ತಿನ ಚೀಟಿ ಹಂಚುವುದು ಸಾಕಷ್ಟು ಆಯಿತು.

ತಿಂಡಿ ಕೊಟ್ಟರೆ ಸ್ಟೀಲ್ ತಟ್ಟೆಯಲ್ಲಿ ಕೊಡಿ. ಸ್ವಚ್ಛತಾ ಕಾರ್ಯಕ್ರಮ ಮುಗಿದ ಮೇಲೆ ಆ ಜಾಗದಲ್ಲಿ ಚಿತ್ರಾನ್ನದ ಪೇಪರ್ ತಟ್ಟೆ, ಸಣ್ಣ ನೀರಿನ ಬಾಟಲಿ, ಒಂದು ಫ್ಲೆಕ್ಸ್ ಬಿದ್ದಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಮಾತು. ರಾಶಿ ದೊಡ್ಡದು ಎಂದು ಬೆಂಕಿ ಹಚ್ಚುವವರು ನಿಮ್ಮ ಗುಂಪಿನಲ್ಲೂ ಒಬ್ಬರು ಇರಬಹುದು, ತಡೆಯಿರಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆ ಪ್ರಕರಣದ ಹಿಂದೆ ಇದ್ದವರು ಬೆಂಗಳೂರಿನ ಅಲ್ಮಿತ್ರಾ ಪಟೇಲ್. 1996ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋಗಿದ್ದರಿಂದಲೇ ದೇಶಕ್ಕೆ 2000ದಲ್ಲಿ ನಗರ ಕಸದ ನಿಯಮಗಳು ಬಂದವು.

ಎತ್ತಿದ ದಿನವೇ ಆ ಜಾಗದ ರೂಪ ಬದಲಾಗಬೇಕು. ಬೆಂಗಳೂರಿನಲ್ಲಿ 2010ರಿಂದ ಹೆಸರು, ಮುಖ ತೋರಿಸದೆ ಕೆಲಸ ಮಾಡಿದ 'ದಿ ಅಗ್ಲಿ ಇಂಡಿಯನ್' ಗುಂಪಿನವರ ಮುಖ್ಯ ಪಾಠ ಇದೇ. ಕಸ ತೆಗೆದು, ನೆಲ ಸಮ ಮಾಡಿ, ಗೋಡೆಗೆ ಬಣ್ಣ ಬಳಿದು, ಗಿಡದ ಕುಂಡವೋ ಬೆಂಚೋ ಇಟ್ಟು, ಆಮೇಲೆ ಮನೆಗೆ ಹೋಗುತ್ತಿದ್ದರು. ನೆದರ್ಲೆಂಡ್ಸಿನ ಗ್ರೋನಿಂಗನ್ ಊರಿನಲ್ಲಿ ನಡೆದ ಒಂದು ಪ್ರಯೋಗವೂ ಇದನ್ನೇ ಹೇಳುತ್ತದೆ. ಓಣಿಯಲ್ಲಿ ನಿಲ್ಲಿಸಿದ ಸೈಕಲ್‌ಗಳ ಹ್ಯಾಂಡಲಿಗೆ ಕರಪತ್ರ ಸಿಕ್ಕಿಸಿಟ್ಟರು. ಗೋಡೆ ಸ್ವಚ್ಛ ಇದ್ದಾಗ 33% ಜನ ಅದನ್ನು ನೆಲಕ್ಕೆ ಎಸೆದರು. ಅದೇ ಗೋಡೆ ಮೇಲೆ ಗೀಚಿದ್ದಾಗ 69%. 2008ರಲ್ಲಿ ಇದು ಪ್ರಕಟವಾಯಿತು. ನೋಡಿ, ಅದೇ ಓಣಿ, ಅದೇ ಊರು. ನಿಮ್ಮಲ್ಲಿ ಕಸ ತೆಗೆದ ಮೇಲೆ ಕರಿ ಮಣ್ಣು, ಚೂರು ಪ್ಲಾಸ್ಟಿಕ್ಕು, ನಾತ ಹಾಗೇ ಉಳಿದಿದ್ದರೆ, ಕವರ್ ಹಿಡಿದು ಬಂದವರಿಗೆ ಅದು ಇನ್ನೂ ಕಸದ ಜಾಗವೇ. ಒಂದು ಲೋಡ್ ಕೆಂಪು ಮಣ್ಣು ಹರಡಿ, ಬ್ಲೀಚಿಂಗ್ ಪೌಡರ್ ಹಾಕಿ, ಬೀದಿ ದೀಪ ಹಾಕಿಸಿ. ಅಲ್ಲಿ ದಿನಾ ಬೆಳಿಗ್ಗೆ ಯಾರಾದರೂ ರಂಗೋಲಿ ಹಾಕಿದರೆ ಇನ್ನೂ ಒಳ್ಳೆಯದು. ರಂಗೋಲಿಗೆ ಬೆದರಿ ಯಾರೂ ಕಸ ನಿಲ್ಲಿಸುವುದಿಲ್ಲ, ದಿನಾ ಒಬ್ಬರು ಅಲ್ಲಿಗೆ ಬರುತ್ತಾರೆ ಎಂದು ಗೊತ್ತಾದರೆ ನಿಲ್ಲಿಸುತ್ತಾರೆ. ಗೋಡೆಗೆ ದೇವರ ಟೈಲ್ಸ್ ಅಂಟಿಸುವುದು ನನಗೆ ಇಷ್ಟವಿಲ್ಲ. ಕೆಲವು ದಿನ ನಡೆಯುತ್ತದೆ, ಆಮೇಲೆ ದೇವರ ಕಾಲ ಬುಡದಲ್ಲೇ ಕವರ್ ಬೀಳುತ್ತದೆ.

ಒಂದು ಎಚ್ಚರಿಕೆ. ಚೆಂದ ಮಾಡಿದ ಜಾಗದಿಂದ ಕಸ ನೂರು ಅಡಿ ಆಚೆ ಸರಿಯಬಹುದು. ಮನೆಯಿಂದ ಒಯ್ಯುವ ಗಾಡಿ ಸರಿಯಾಗದಿದ್ದರೆ ಸರಿದೇ ಸರಿಯುತ್ತದೆ. ಆಟೋ ಹೊತ್ತು ಬದಲಿಸಲು, ವಾರದಲ್ಲಿ ಎರಡು ದಿನವಾದರೂ ಸಂಜೆ ಟ್ರಿಪ್ ಹಾಕಲು ಕೇಳಿ. ಆಗದಿದ್ದರೆ ಬಡಾವಣೆಯ ಸಂಘದಿಂದಲೇ ಒಬ್ಬರಿಗೆ ಸಂಬಳ ಕೊಟ್ಟು, ಬೆಳಿಗ್ಗೆ ಹೊರಡುವವರ ಕಸ ಬೇರೆ ಮಾಡಿಸಿ ಇಟ್ಟುಕೊಂಡು, ಗಾಡಿ ಬಂದಾಗ ಕೊಡಿಸಿ.

ಅಂಗಡಿಗಳಲ್ಲಿ ಮೊದಲು ಕೋಳಿ ಅಂಗಡಿ. ಒಂದನ್ನೇ ನಿಲ್ಲಿಸಲು ಆಗುವುದಾದರೆ ಇದನ್ನು ನಿಲ್ಲಿಸಿ. ನಾಯಿಗಳ ಹಿಂಡು ಬರುವುದು ಆ ಕರುಳಿಗೆ. ಬಂದ ನಾಯಿ ಪಕ್ಕದ ಕವರನ್ನೂ ಹರಿಯುತ್ತದೆ, ನಿಮ್ಮ ಚೀಲವನ್ನೂ ಹರಿಯುತ್ತದೆ. ಅಂಗಡಿಯವರ ಲೈಸೆನ್ಸ್ ಸ್ಥಳೀಯ ಸಂಸ್ಥೆಯ ಕೈಯಲ್ಲಿದೆ. ಆರೋಗ್ಯ ನಿರೀಕ್ಷಕರು ಒಂದು ಸಲ ಬಂದು ನಿಂತರೆ ತೂಕವೇ ಬೇರೆ. ಅದಕ್ಕೆ ಮೊದಲು ನೀವೇ ಹೋಗಿ ಮಾತಾಡಿ. ತ್ಯಾಜ್ಯ ಒಯ್ಯುತ್ತಿದ್ದವನು ಬರುವುದು ನಿಲ್ಲಿಸಿರಬಹುದು. ನಾಲ್ಕು ಅಂಗಡಿ ಸೇರಿ ಒಬ್ಬನನ್ನು ಗೊತ್ತುಮಾಡಿಕೊಳ್ಳುವುದು ಕಷ್ಟವಲ್ಲ.

ಡೆಬ್ರಿಸ್ ಬೇರೆಯೇ ವ್ಯವಹಾರ. ಯಾರೋ ಹಳೆ ಬಾತ್‌ರೂಮ್ ಒಡೆಸುತ್ತಾರೆ. ಮೇಸ್ತ್ರಿ ಲೋಡಿಗೆ ಇಷ್ಟು ಎಂದು ಟ್ರ್ಯಾಕ್ಟರ್‌ನವನಿಗೆ ಕೊಡುತ್ತಾನೆ. ಎಲ್ಲಿ ಹಾಕಬೇಕು ಎಂದು ಯಾರೂ ಹೇಳುವುದಿಲ್ಲ. ಹತ್ತಿರದಲ್ಲಿ ಸುರಿದಷ್ಟೂ ಡೀಸೆಲ್ ಉಳಿತಾಯ, ಒಂದು ಟ್ರಿಪ್ ಜಾಸ್ತಿ. ಇಪ್ಪತ್ತು ಜನ ಬಾಂಡ್ಲಿ ಹಿಡಿದು ಇದನ್ನು ಎತ್ತಲು ಹೋಗಬೇಡಿ, ಬೆನ್ನು ಹೋಗುತ್ತದೆ. ಕಟ್ಟಡದ ತ್ಯಾಜ್ಯಕ್ಕೆ 2016ರಿಂದಲೇ ಪ್ರತ್ಯೇಕ ನಿಯಮ ಇದೆ. ಅದನ್ನು ಹಾಕುವ ಜಾಗ ತೋರಿಸುವ ಹೊಣೆ ಸ್ಥಳೀಯ ಸಂಸ್ಥೆಯದು. ಆ ಜಾಗ ಎಲ್ಲಿದೆ ಎಂದು ಬರಹದಲ್ಲಿ ಕೇಳಿ, ಉತ್ತರ ಬಂದರೆ ಸುತ್ತಲಿನ ಮೇಸ್ತ್ರಿಗಳಿಗೂ ಟ್ರ್ಯಾಕ್ಟರ್‌ನವರಿಗೂ ತಲುಪಿಸಿ. ಬಡಾವಣೆಯೊಳಗೆ ಮನೆ ಕಟ್ಟುವವರಿಂದ ಸಂಘ ಒಂದು ಠೇವಣಿ ಇಟ್ಟುಕೊಂಡು, ಡೆಬ್ರಿಸ್ ಸರಿಯಾಗಿ ಸಾಗಿಸಿದ ಮೇಲೆ ವಾಪಸ್ ಕೊಡಬಹುದು. ತಗ್ಗು ಸೈಟಿಗೆ ಮಣ್ಣು ತುಂಬಿಸಲು ದುಡ್ಡು ಕೊಟ್ಟು ಹುಡುಕುವವರೂ ಅದೇ ಊರಿನಲ್ಲಿ ಇರುತ್ತಾರೆ. ಇಬ್ಬರನ್ನೂ ಸೇರಿಸಿದರೆ ಇಟ್ಟಿಗೆ, ಕಾಂಕ್ರೀಟ್ ಚೂರು ಕೆಲಸಕ್ಕೆ ಬರುತ್ತದೆ. ಕೆರೆ ಅಂಗಳ, ಹಳ್ಳ ಮುಚ್ಚಲು ಮಾತ್ರ ಬಿಡಬೇಡಿ.

ಟ್ರ್ಯಾಕ್ಟರ್ ತಡೆಯಲು ಸಿಸಿಟಿವಿಗಿಂತ ಕಲ್ಲುಕಂಬ ಮೇಲು. ಸೈಟಿನ ಮಾಲೀಕರನ್ನು ಪತ್ತೆ ಮಾಡಿ ರಸ್ತೆ ಬದಿಗೆ ಕಲ್ಲುಕಂಬ ನೆಡಿಸಿ ತಂತಿ ಎಳೆಸಿ. ಟ್ರ್ಯಾಕ್ಟರ್ ರಿವರ್ಸ್ ತೆಗೆಯಲು ಆಗದಿದ್ದರೆ ಅಲ್ಲಿ ಸುರಿಯುವುದಿಲ್ಲ. ಮಾಲೀಕರು ದೂರದ ಊರಲ್ಲಿದ್ದು ಫೋನ್ ಎತ್ತದಿದ್ದರೆ ಸ್ಥಳೀಯ ಸಂಸ್ಥೆಯಿಂದ ನೋಟಿಸ್ ಕೊಡಿಸಿ. ಕ್ಯಾಮೆರಾ ಹಾಕಿದರೆ ಅದರಿಂದ ನಂಬರ್ ಪ್ಲೇಟ್ ದೃಶ್ಯ ತೆಗೆದು ದೂರು ಬರೆಯಲು ಒಬ್ಬರು ಬೇಕು. ಆ ಒಬ್ಬರು ಇಲ್ಲದ ಕಡೆ ಕ್ಯಾಮೆರಾ ಸುಮ್ನೆ ತೂಗುತ್ತಿರುತ್ತದೆ.

ದಂಡ ಹಾಕುವ ಅಧಿಕಾರ ನಿಮಗಿಲ್ಲ. ಅದು ಅಧಿಕೃತ ಸಿಬ್ಬಂದಿಯದು, ರಸೀದಿ ಸಮೇತ. 2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಘನತ್ಯಾಜ್ಯ ನಿರ್ವಹಣಾ ಸಂಸ್ಥೆ ಬೀದಿಗೆ ಕಸ ಎಸೆದವರ ಮನೆ ಮುಂದೆಯೇ ಕಸ ಸುರಿಸಿ ದಂಡ ಹಾಕಿತು. ವಿಡಿಯೋ ನೋಡಿ ಖುಷಿಪಟ್ಟವರು ಜಾಸ್ತಿ. ಸರ್ಕಾರಿ ಸಂಸ್ಥೆ ಮಾಡಿದ್ದೇ ಸರಿಯಾ ಎಂಬ ಚರ್ಚೆ ಆಯಿತು. ನೀವು ಮಾಡಿದರೆ ಸೀದಾ ಪೊಲೀಸ್ ಠಾಣೆ. ನಿಮ್ಮ ನೋಟ್‌ಬುಕ್ಕಿನಲ್ಲಿರುವ ಹೊತ್ತು ಕೊಟ್ಟು, ಆ ಹೊತ್ತಿಗೆ ಅವರನ್ನು ಅಲ್ಲಿಗೆ ಕರೆಸಿ. ಎರಡು ಮೂರು ದಿನ ರಸೀದಿ ಹರಿದರೆ ಸಾಕು, ಸುದ್ದಿ ತಾನೇ ಹರಡುತ್ತದೆ.

ಎತ್ತಿದ ಮೇಲೆ ಎಷ್ಟು ಚೀಲ ಆಯಿತು ಎಂದು ಬರೆಯುವುದಕ್ಕಿಂತ, ಮೊದಲ ಕವರ್ ಎಷ್ಟನೇ ದಿನಕ್ಕೆ ಬಿತ್ತು ಎಂದು ಬರೆದಿಡಿ. ಆ ಮೊದಲ ಕವರನ್ನು ಅವತ್ತೇ ತೆಗೆಯಿರಿ, ಇಲ್ಲದಿದ್ದರೆ ಮಾರನೆ ದಿನಕ್ಕೆ ಅದು ಹತ್ತಾಗಿರುತ್ತದೆ. ಮೂರು ನಾಲ್ಕು ವಾರ ಹೀಗೆ ಕಾಯಬೇಕು. ಅದಕ್ಕೆ ಪಾಳಿ ಹಾಕಿಕೊಳ್ಳಿ. ಈ ವಾರಕ್ಕೆ ಮಾತ್ರ ಒಂದು ನೋಟ್‌ಬುಕ್ಕು, ನಾಲ್ಕು ಜನ, ಕಸದ ಆಟೋ ಓಡಿಸುವವರ ಫೋನ್ ನಂಬರ್ ಸಾಕು. ನೋಟ್‌ಬುಕ್ ತುಂಬಿದ ಮೇಲೆ ಅದರಲ್ಲಿ ಯಾರ ಕಸ ಜಾಸ್ತಿ ಎಂದು ಬರೆದು ಕಳಿಸಿ, ಮೊದಲು ಯಾರ ಬಾಗಿಲು ತಟ್ಟಬೇಕು ಎಂದು ಹೇಳುತ್ತೇನೆ.